ಗುರುವಾರದ ನೆಲ

ಜೂನ್ 8, ಶನಿವಾರ, ಬೆಳಿಗ್ಗೆ

ಕಾಫಿಗೂ ಮೊದಲು ಗ್ಯಾರೇಜಿಗೆ ಓಡಿದೆ. ನಿನ್ನೆ ನೆಲಕ್ಕೆ ಟೇಪ್ ಹಾಕಿ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಕಿತ್ತೆ. ಕೆಳಗೆ ಒಂದು ಹನಿ ಇಲ್ಲ. ಕೈ ಸವರಿದೆ — ಸುಟ್ಟ ಬ್ರೆಡ್ಡಿನ ಹಾಗೆ ಒಣ ಒಣ. ಅಂದ್ರೆ ಕಾಂಕ್ರೀಟಿನ ಅಡಿಯಿಂದ ತೇವ ಏಳ್ತಿಲ್ಲ. ಬಣ್ಣ ಹಿಡಿಯುತ್ತೆ. ನಮ್ಮ ಗ್ಯಾರೇಜು ಸ್ಕೇಟಿಂಗ್ ರಿಂಕ್ ಆಗುತ್ತೆ.

ಬರೆದ ಮೇಲೆ ಮತ್ತೆ ಓದಿ ನೋಡಿದೆ. ಹೌದು, ಆಗುತ್ತೆ.

ಮಾರ್ಚಿನಲ್ಲಿ ಊರಿನ ರಿಂಕ್ ಮುಚ್ಚಿದಾಗಿನಿಂದ ನಮ್ಮ ಗುರುವಾರದ ಗುಂಪು ದಿಕ್ಕಾಪಾಲು. ಎಲ್ಲರೂ ಐವತ್ತು ದಾಟಿದವರು, ಚಕ್ರದ ಬೂಟು ಕಟ್ಟಿದರೆ ಮಾತ್ರ ಅದನ್ನ ಮರೆಯೋರು. ಈಗ ಆ ಕಟ್ಟಡದಲ್ಲಿ ಜನರ ಹಳೇ ಸೋಫಾ ಮಂಚ ತುಂಬಿಡ್ತಾರಂತೆ. ಮೋಜೆಲ್ ಅಂತೂ ಹೊಸ ಮಂಡಿ ಹಾಕಿಸಿಕೊಂಡ ಮೇಲೆ ಮನೆ ಹೊಸಿಲೇ ದಾಟ್ತಿಲ್ಲ. ಹೈಸ್ಕೂಲಿನಿಂದ ನಾವಿಬ್ಬರೂ ಜೋಡಿ ಸ್ಕೇಟ್ ಮಾಡಿದವರು. ಅವಳು ಎಡಕ್ಕೆ, ನಾನು ಬಲಕ್ಕೆ. ಈಗ ಫೋನಿನಲ್ಲಿ ಬರೀ ಟೀವಿ ಧಾರಾವಾಹಿ ಮಾತಾಡ್ತಾಳೆ.

ಶಾಲೆಗೆ ರಜೆ, ನಾನು ಕೆಲಸ ಮಾಡೋ ಶಾಲೆಯ ಅಡುಗೆಮನೆಗೂ ರಜೆ. ಬೇಸಿಗೆ ಪೂರಾ ನನ್ನದು. ಗಂಡ ಥರ್ಮನ್‌ಗೆ ಇನ್ನೂ ಹೇಳಿಲ್ಲ.

ಜೂನ್ 9, ಭಾನುವಾರ

ಚರ್ಚಿನಿಂದ ಬಂದು ಊಟಕ್ಕೆ ಕೂತಾಗ ಹೇಳಿದೆ. ಥರ್ಮನ್ ಕೈಯ ಹುರಿದ ಮೀನು ಬಾಯಿಗೆ ಹೋಗೋದು ಅಲ್ಲೇ ನಿಂತಿತು.

"ಗ್ಯಾರೇಜ್ ಇರೋದು ಕಾರಿಗೆ, ಲವಾನ್."

ಗಂಡನ ಕಾರಿಗೆ ಹೆಸರಿದೆ — ಗ್ಲೋರಿಯಾ. ನೀಲಿ ಬಣ್ಣದ, ನಮ್ಮ ಮದುವೆಯಷ್ಟೇ ಹಳೇ ಕಾರು. ಇಲ್ಲೇ ಸ್ಯಾಗಿನಾದ ಕಾರು ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದಾಗ ಇಂಥದ್ದರ ಬಾಗಿಲು ಕೂಡಿಸ್ತಿದ್ದನಂತೆ. ಇದರ ಬಾಗಿಲೂ ತನ್ನ ಕೈಯದ್ದೇ ಅಂತಾನೆ. ಯಾರೂ ಅಲ್ಲ ಅನ್ನೋಕೆ ಹೋಗಿಲ್ಲ.

"ಗುರುವಾರ ಸಂಜೆ ಮಾತ್ರ ಅವಳು ಹೊರಗಿರಲಿ. ಉಳಿದ ಹೊತ್ತು ಅವಳದ್ದೇ ಜಾಗ. ಹೊಳೆಯೋ ನೆಲದ ಮೇಲೆ ನಿಲ್ತಾಳೆ."

"ಬಣ್ಣ ಒಣಗೋವರೆಗೆ ಎಲ್ಲಿ ನಿಲ್ತಾಳೆ? ಮೇಪಲ್ ಮರದ ಕೆಳಗಾ? ಹಕ್ಕಿ ಏನು ಮಾಡುತ್ತೆ ಗೊತ್ತಲ್ಲ?"

"ನಿನ್ನ ಮೇಲೂ ಮಾಡಿದೆ. ಒರೆಸ್ಕೊಂಡು ಬದುಕಿದೀಯ."

ನಗು ತಡೆಯೋಕೆ ನೀರು ಕುಡಿದ. ಪೀಚ್ ಪೈ ಇನ್ನೊಂದು ತುಂಡು ಹಾಕಿದೆ. ಅರ್ಧ ತಿಂದ ಮೇಲೆ, "ಹತ್ತು ದಿನ. ಹತ್ತೇ ದಿನ" ಅಂದ.

ಜೂನ್ 11, ಮಂಗಳವಾರ

ಸೊಂಟ ಇದೆಯೋ ಬಿದ್ದುಹೋಯ್ತೋ ತಿಳೀತಿಲ್ಲ. ಆದ್ರೂ ಖುಷಿ.

ಗ್ಯಾರೇಜು ಪೂರ್ತಿ ಖಾಲಿ. ಎಣ್ಣೆ ಜಿಡ್ಡು ತೆಗೆಯೋ ಸೋಪು ಹಾಕಿ ಬಿರುಸು ಬ್ರಷ್ಷಿನಲ್ಲಿ ತಿಕ್ಕಿದೆ. ಆಮೇಲೆ ಆಸಿಡ್ ನೀರು. ಬಿದ್ದ ಕಡೆಯೆಲ್ಲ ಸೋಡಾ ಹಾಗೆ ಬುಸ್ ಅಂತ ನೊರೆ. ನೊರೆ ಬಂದ್ರೆ ನೆಲ ಬಾಯಿ ಬಿಟ್ಟಿತು ಅಂತ ಅರ್ಥ, ಬಣ್ಣ ಒಳಗಿಳಿಯುತ್ತೆ. ಗ್ಲೋರಿಯಾ ನಿಲ್ಲೋ ಕಡೆ ಅಷ್ಟು ನೊರೆ ಬರಲಿಲ್ಲ... ಇನ್ನೊಂದು ಸಲ ತಿಕ್ಕಿದೆ. ಸಾಕು ಅನ್ನಿಸ್ತು. ಪೈಪ್ ಹಿಡಿದು ತೊಳೆದೆ.

ಥರ್ಮನ್ ಅಂಗಳದಲ್ಲಿ ಗ್ಲೋರಿಯಾಗೆ ಹಳೇ ಬೆಡ್‌ಶೀಟ್ ಹೊದಿಸ್ತಿದ್ದ. ಮಗೂಗೆ ಹೊದಿಸೋ ಹಾಗೆ, ಅಂಚು ಒತ್ತಿ.

ಜೂನ್ 14, ಶುಕ್ರವಾರ

ಇವತ್ತು ಬಣ್ಣ.

ಎಪಾಕ್ಸಿ. ಎರಡು ಡಬ್ಬ ಬೆರೆಸಬೇಕು. ಬೆರೆಸಿದ ಮೇಲೆ ಕೂತು ಯೋಚಿಸೋ ಹಾಗಿಲ್ಲ, ಡಬ್ಬದಲ್ಲೇ ಗಟ್ಟಿಯಾಗುತ್ತೆ. ಹಿಂದಿನ ಮೂಲೆಯಿಂದ ಶುರು, ಬಾಗಿಲ ಕಡೆಗೆ ಹಿಮ್ಮೆಟ್ಟುತ್ತಾ. ರೋಲರ್ ಎಳೆದ ಕಡೆಯೆಲ್ಲ ಬೂದು ನೆಲ ಹೋಗಿ ಮಳೆ ನಿಂತ ಮೇಲಿನ ಆಕಾಶದ ಬಣ್ಣ. ಅಂಗಡಿಯವನು ಮೇಲೆ ಉದುರಿಸೋಕೆ ಮರಳುಪುಡಿ ಕೊಡೋಕೆ ಬಂದ, ಜಾರಲ್ಲ ಅಂತ. ಜಾರೋಕೇ ಮಾಡಿಸ್ತಿರೋದು ಅಂದೆ.

ಮಧ್ಯಾಹ್ನ ಮೋಜೆಲ್‌ಗೆ ಫೋನ್.

"ಹುಚ್ಚಿ ಕಣೇ ನೀನು. ಅಷ್ಟು ಸಣ್ಣ ಜಾಗದಲ್ಲಿ ಎಲ್ಲಾ ಸುತ್ತಿದ್ರೆ ತಲೆ ತಿರುಗಿ ಒಬ್ಬರ ಮೇಲೊಬ್ಬರು ಬೀಳ್ತೀರಿ."

"ಬೀಳ್ತೀರಿ ಅಲ್ಲ. ಬೀಳ್ತೀವಿ."

ಆ ಕಡೆ ಟೀವಿ ಆಫ್ ಮಾಡಿದಳು. "ಬಿದ್ರೆ ಏಳೋಕಾಗಲ್ಲ ಅಂತ ಭಯ, ಲವಾನ್. ನೋವಿಗಲ್ಲ. ಎಲ್ಲರೂ ಬಂದು ಎತ್ತುತಾರಲ್ಲ, ಅದಕ್ಕೆ."

ನೆಲ ಆದ ಮೇಲೆ ಬಂದು ನೋಡು ಅಂದೆ. ನೋಡೋಕೆ ಬರ್ತೀನಿ ಅಂದಳು. ಅಷ್ಟಾದ್ರೂ ಆಯ್ತು.

ಜೂನ್ 15

ಕಾಲುಚೀಲದಲ್ಲಿ ನಡೆದೆ. ಹಿಡಿದಿದೆ. ಟ್ಯೂಬ್‌ಲೈಟು ನೆಲದಲ್ಲಿ ಇನ್ನೊಂದು ಉರೀತಿದೆ. ಜಾರಿದೆ, ಗೋಡೆಯಿಂದ ಗೋಡೆಗೆ, ಅರವತ್ತರ ಹತ್ತಿರದ ಹೆಂಗಸು. ಥರ್ಮನ್ ಬಾಗಿಲಲ್ಲಿ ನಿಂತು ನೋಡ್ತಿದ್ದ. "ಚೆನ್ನಾಗಿದೆ" ಅಂದ. ಅವನ ಬಾಯಲ್ಲಿ ಅದು ಭಾಷಣ.

ಕಾರು ನಿಲ್ಲಿಸೋಕೆ ಒಂದು ವಾರ ಬಿಡಬೇಕು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿದೆ. ಓದಿ ಹೇಳಿದೆ. ತಲೆ ಆಡಿಸಿದ.

ಜೂನ್ 19, ಬುಧವಾರ

ಸಂಜೆ ಆಲಿಕಲ್ಲು. ನಾನು ಮಾರ್ಕೆಟ್ಟಿನಲ್ಲಿದ್ದೆ. ಥರ್ಮನ್ ಹೊರಗೆ ಸುತ್ತಾಡಿಕೊಂಡು ಬರ್ತಿದ್ದನಂತೆ, ಬಿಸಿ ಟೈರಿನಲ್ಲೇ ಗ್ಲೋರಿಯಾನ ಸೀದಾ ಗ್ಯಾರೇಜಿನೊಳಗೆ ನುಗ್ಗಿಸಿದ.

ಮಳೆ ನಿಂತ ಮೇಲೆ ಹಿಂದಕ್ಕೆ ತೆಗೆದ. ನಾಲ್ಕು ಟೈರಿಗೂ ಬಣ್ಣ ಅಂಟಿಕೊಂಡು ಬಂತು. ನೆಲದಲ್ಲಿ ನಾಲ್ಕು ಗಾಯ.

"ಗಾಜು ಒಡೀತಿತ್ತು, ಲವಾನ್. ನೀನಿದ್ರೂ ಇದನ್ನೇ ಮಾಡ್ತಿದ್ದೆ."

ಮಾಡ್ತಿರಲಿಲ್ಲ. ಅವನ ದಿಂಬು ಸೋಫಾ ಮೇಲೆ ಹಾಕಿದೀನಿ.

ಜೂನ್ 22, ಶನಿವಾರ

ಇದನ್ನ ಬರೆಯೋಕೇ ಒಂಥರಾ ಆಗ್ತಿದೆ.

ಗಾಯದ ಅಂಚು ಸಮ ಮಾಡೋಣ ಅಂತ ಕಬ್ಬಿಣದ ಪಟ್ಟಿ ಹಿಡಿದು ಕೆರೆದೆ. ಅಂಚಿಗೇ ನಿಲ್ಲಲಿಲ್ಲ. ಟೈರು ಮುಟ್ಟದೇ ಇರೋ ಕಡೆಯೂ ಬಣ್ಣ ಕಿತ್ತಳೆ ಸಿಪ್ಪೆ ಹಾಗೆ ಎದ್ದು ಬಂತು, ಉದ್ದಕ್ಕೆ. ಮಗುಚಿ ನೋಡಿದೆ. ಹಿಂಬದಿ ಕಪ್ಪು, ಜಿಡ್ಡು. ಬರಿ ಕಾಂಕ್ರೀಟಿನ ಮೇಲೆ ನೀರು ಚಿಮುಕಿಸಿದೆ. ಹೀರಲಿಲ್ಲ. ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಂತಿತು.

ಗ್ಲೋರಿಯಾ ಇಷ್ಟು ವರ್ಷ ಸೋರಿಸಿದ ಎಣ್ಣೆ ಎಷ್ಟು ಆಳಕ್ಕೆ ಕುಡಿದಿದೆಯೋ ಈ ನೆಲ. ನಾನು ಮೇಲೆ ಮೇಲೆ ತೊಳೆದೆ. ನೊರೆ ಬರದಿದ್ದಾಗಲೇ ತಿಳೀಬೇಕಿತ್ತು. ತಿಳಿದಿತ್ತು ಕೂಡ. ಅವಸರ.

ಟೈರು ಕೀಳದಿದ್ರೆ ಇವತ್ತಲ್ಲ ನಾಳೆ ಸ್ಕೇಟು ಕೀಳ್ತಿತ್ತು. ಚಕ್ರ ಸಿಕ್ಕಿಕೊಳ್ತಿತ್ತು. ಆ ಜಾಗದಲ್ಲಿ ಮೋಜೆಲ್ ಇದ್ದಿದ್ರೆ.

ಅವನು ಸೋಫಾ ಮೇಲೆ ಪೇಪರ್ ಓದ್ತಿದಾನೆ. ಬುಧವಾರದಿಂದ ಮಾತಿಲ್ಲ.

ಹೇಳಬೇಕು.

ಜೂನ್ 23, ಭಾನುವಾರ

ಹೇಳಿದೆ. ಚರ್ಚಿಗೆ ಹೋಗೋ ದಾರಿಯಲ್ಲಿ, ಗ್ಲೋರಿಯಾದೊಳಗೇ. ಆ ಸಿಪ್ಪೆ ಚೂರು ಬ್ಯಾಗಿನಲ್ಲಿಟ್ಟುಕೊಂಡು ಹೋಗಿದ್ದೆ. ಕೆಂಪು ದೀಪದಲ್ಲಿ ನಿಂತಾಗ ಅವನ ಕೈಗೆ ಕೊಟ್ಟೆ. ತಿರುಗಿಸಿ ನೋಡಿದ, ಮೂಸಿದ. ಹಸಿರು ಬಂತು, ಹಿಂದಿನವನು ಹಾರ್ನ್ ಹೊಡೆದ, ಇವನು ಇನ್ನೂ ಮೂಸ್ತಿದಾನೆ.

"ಅಂದ್ರೆ ತಪ್ಪು ನಂದಲ್ಲ."

"ಅರ್ಧ ನಂದು. ಅರ್ಧ ಇವಳದ್ದು." ಡ್ಯಾಶ್‌ಬೋರ್ಡ್ ತಟ್ಟಿದೆ.

"ಹಂಗಾದ್ರೆ ಇಷ್ಟು ದಿನ ಸೋಫಾ ಮೇಲೆ ನಾನ್ಯಾಕೆ ಮಲಗಿದ್ದೆ?"

ಕ್ಷಮಿಸು ಅಂದೆ. ಅವನು ಚರ್ಚಿನ ಮುಂದೆ ಕಾರು ನಿಲ್ಲಿಸಿ, ಇಳಿಯದೆ ಕೂತು, "ಅದನ್ನ ತಿಕ್ಕಿದ್ರೆ ಹೋಗಲ್ಲ. ಮೇಲಿನ ಪದರ ಅರೆದು ತೆಗೀಬೇಕು. ಮಷೀನ್ ಬಾಡಿಗೆಗೆ ಸಿಗುತ್ತೆ" ಅಂದ. ಆಮೇಲೆ, "ನಾನು ಅರೆದು ಕೊಡ್ತೀನಿ. ನಿನ್ನ ಸೊಂಟಕ್ಕಾಗಲ್ಲ."

ಪ್ರವಚನ ಏನಿತ್ತೋ ಒಂದಕ್ಷರ ತಲೆಗೆ ಹೋಗಲಿಲ್ಲ.

ಜೂನ್ 26

ಅರೆದೆವು. ಮಷೀನ್ ಗರ್ ಅಂದ್ರೆ ಮನೆ ಪೂರಾ ನಡುಗುತ್ತೆ. ಮಾಸ್ಕ್ ಇದ್ದರೂ ಇಬ್ಬರೂ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ. ಅವನ ರೆಪ್ಪೆಯೂ ಬಿಳಿ. ಎಣ್ಣೆ ಇದ್ದ ಕಡೆ ಅರೆದ, ತೊಳೆದ, ಮತ್ತೆ ಅರೆದ. ನಾನು ಸಾಕು ಅಂದಾಗಲೆಲ್ಲ "ನಿನ್ನ ಸಾಕು ನನಗೆ ಗೊತ್ತು" ಅಂತಾನೆ. ಸಾಯೋವರೆಗೂ ಹೇಳ್ತಾನೆ ಇನ್ನು.

ಸಂಜೆ ನೀರು ಚಿಮುಕಿಸಿದೆ. ಹೀರಿತು. ಇಬ್ಬರೂ ಬಗ್ಗಿ ಕಪ್ಪಗೆ ಒದ್ದೆಯಾದ ಆ ಕಲೆಯನ್ನೇ ನೋಡ್ತಾ ಕೂತೆವು, ಟೀವಿ ನೋಡೋ ಹಾಗೆ.

ಜುಲೈ 9, ಮಂಗಳವಾರ, ಬೆಳಿಗ್ಗೆ

ಬರೆಯೋಕೆ ಪುರುಸೊತ್ತೇ ಇಲ್ಲ. ಹೊಸ ಬಣ್ಣ, ಅದರ ಮೇಲೆ ಗಾಜಿನಂಥ ಪಾರದರ್ಶಕ ಲೇಪ. ನೆಲ ಸವೆಯದ ಹಾಗೆ ಕಾಯೋದು ಅದೇ. ಈ ಸಲ ವಾರದ ಮೇಲೂ ಕಾದೆವು. ಥರ್ಮನ್ ಬಾಗಿಲಿಗೆ ಅಡ್ಡ ಏಣಿ ಮಲಗಿಸಿ ನನ್ನನ್ನೂ ಬಿಡಲಿಲ್ಲ.

ನಿನ್ನೆ ಪರೀಕ್ಷೆ. ಬೇಕಂತಲೇ ಗ್ಲೋರಿಯಾನ ಹೈವೇಯಲ್ಲಿ ಓಡಿಸಿ, ಟೈರು ಮುಟ್ಟಿದ್ರೆ ಸುಡೋ ಹಾಗೆ ಮಾಡಿ ತಂದು ನಿಲ್ಲಿಸಿದ. ರಾತ್ರಿ ಇಬ್ಬರಿಗೂ ಸರಿಯಾಗಿ ನಿದ್ದೆಯಿಲ್ಲ. ಈಗ ಹಿಂದಕ್ಕೆ ತೆಗೆದ. ಒಂದೊಂದೇ ಇಂಚು. ನಾನು ನೆಲಕ್ಕೆ ಕೆನ್ನೆಯಿಟ್ಟು ನೋಡ್ತಿದ್ದೆ.

ಏನೂ ಇಲ್ಲ. ಟೈರಿನ ಧೂಳು ಅಷ್ಟೇ. ಅಂಗಿ ತೋಳಿನಲ್ಲಿ ಒರೆಸಿದೆ, ಹೋಯ್ತು. ಕಿಟಕಿಯಿಂದ ತಲೆ ಹೊರಗೆ ಹಾಕಿ "ಏನಾಯ್ತು? ಏನಾದ್ರೂ ಹೇಳೇ" ಅಂತಿದಾನೆ. ನಗು ಬಂದು ಹೇಳೋಕೇ ಆಗ್ತಿಲ್ಲ.

ಗುಂಪಿನವರಿಗೆಲ್ಲ ಫೋನ್ ಮಾಡಿ ಬನ್ನಿ ಅಂದೆ. ಗುರುವಾರ.

ಜುಲೈ 11, ಗುರುವಾರ, ಸಂಜೆ

ನೀರು ಕುಡಿಯೋಕೆ ಅಂತ ಒಳಗೆ ಬಂದೆ. ಕಾಲಲ್ಲಿ ಸ್ಕೇಟ್ ಇದೆ. ಅಡುಗೆಮನೆ ಕಟ್ಟೆ ಒಂದು ಕೈಯಲ್ಲಿ ಹಿಡ್ಕೊಂಡು ಬರೀತಿದೀನಿ, ಅಕ್ಷರ ಓಡಾಡ್ತಿವೆ.

ಎಲ್ಲರೂ ಬಂದಿದಾರೆ. ತಲೆ ತಿರುಗುತ್ತೆ, ನಿಜ, ಅದಕ್ಕೆ ಆಗಾಗ ಉಲ್ಟಾ ಸುತ್ತು ಹಾಕ್ತಿದೀವಿ. ನೆಲ ಹೇಗಿದೆ ಅಂದ್ರೆ... ಸದ್ದೇ ಇಲ್ಲ. ಬೆಣ್ಣೆ ಮೇಲೆ ಚಾಕು. ಹೊರಗೆ ಥರ್ಮನ್ ಗ್ಲೋರಿಯಾದ ಬಾನೆಟ್ ಮೇಲೆ ರೇಡಿಯೋ ಇಟ್ಕೊಂಡು ಹಾಡು ಬದಲಾಯಿಸ್ತಿದಾನೆ.

ಮೋಜೆಲ್ ಬಂದಳು. ನೋಡೋಕೆ ಮಾತ್ರ ಅಂತಲೇ ಬಂದಳು. ಕುರ್ಚಿ ಹಾಕಿ ಕೂರಿಸಿದೆ. ಎರಡು ಹಾಡು ಕೂತಳು. ಮೂರನೇದಕ್ಕೆ "ಯಾರದಾದ್ರೂ ಸ್ಕೇಟ್ ನನ್ನ ಅಳತೆಯದ್ದಿದೆಯಾ?" ಅಂದಳು. ಗೋಡೆ ಹಿಡ್ಕೊಂಡು ಒಂದು ಸುತ್ತು, ನನ್ನ ತೋಳು ಹಿಡ್ಕೊಂಡು ಒಂದು ಸುತ್ತು. ಮೂಲೆಯಲ್ಲಿ ತಿರುಗುವಾಗ ಬಿದ್ದಳು. ಎಲ್ಲರೂ ಕೈ ಚಾಚಿದ್ರು. "ಯಾರೂ ಮುಟ್ಟಬೇಡಿ" ಅಂದಳು. ಕೈ ಹಿಂದಕ್ಕೆ ತಗೊಂಡೆವು. ಅಂಗೈ ನೆಲಕ್ಕೆ ಊರಿದಳು, ಒಳ್ಳೇ ಕಾಲು ಮಡಚಿದಳು, ಎದ್ದಳು. ತಾನೇ. ಪ್ಯಾಂಟು ಝಾಡಿಸಿಕೊಂಡು, "ನಿನ್ನ ನೆಲ ಗಟ್ಟಿಯಿದೆ ಕಣೇ" ಅಂದಳು.

ಅಳೋಕೆ ಒಳಗೆ ಬಂದೆ, ನೀರಿಗಲ್ಲ.

ಅಡುಗೆಮನೆ ಬಾಗಿಲಿಂದ ಕಾಣ್ತಿದೆ. ಮೋಜೆಲ್ ಗೋಡೆ ಬಿಟ್ಟಿದಾಳೆ. ಎಡಗಡೆ ಇದಾಳೆ, ಬಲಗಡೆ ಜಾಗ ಖಾಲಿ, ಈ ಕಡೆಗೇ ನೋಡ್ತಿದಾಳೆ, ಕೈ ಚಾಚಿದಾಳೆ. ಹೊರಟೆ.