ಹಲಗೆಯ ಹಿಂದಿನ ವೈರು

ಅಕ್ಟೋಬರ್ 19, ದುಲೂತ್

ಮತ್ತೆ ಅಟ್ಟದಲ್ಲಿ ಸುತ್ತಿಗೆ ಸದ್ದು. ಕಾಫಿ ಆರಿಹೋಯಿತು, ನನ್ನ ಗಂಡ ಆರಿನ್ ಇಳಿದಿಲ್ಲ. ಇಳಿಜಾರು ಛಾವಣಿಯ ಹಲಗೆ ಕಿತ್ತು ತೊಲೆಗಳ ನಡುವೆ ಚಳಿ ತಡೆಯುವ ಗಾಜಿನ ಹತ್ತಿ ತುಂಬುತ್ತಿದ್ದಾನೆ. ಹಿಮ ಬೀಳುವ ಮೊದಲು ಮುಗಿಯಬೇಕಂತೆ.

ನಮ್ಮ ಟಿಲ್ಡಾ ಬರುತ್ತಾಳೆ — ಗಂಡನನ್ನು ಬಿಟ್ಟು, ಕೈಗೂಸಿನೊಂದಿಗೆ. "ಅವನ ಜೊತೆ ಹೋದ್ರೆ ಮತ್ತೆ ಬರಬೇಡ" ಎಂದಿದ್ದವನು ಇವನೇ. ಈಗ ಮಗಳ ಕೋಣೆ ಬೆಚ್ಚಗಿರಲಿ ಎಂದು ಹತ್ತಿ ಚುಚ್ಚಿ ಮೈಯೆಲ್ಲ ತುರಿಸಿಕೊಳ್ಳುತ್ತಿದ್ದಾನೆ.

ಅಕ್ಟೋಬರ್ 21

ಹಲಗೆಯ ಹಿಂದೆ ಅವನ ತಾತನ ಕಾಲದ ವೈರು. ಬಟ್ಟೆ ಸುತ್ತಿದ್ದು. ಎಲೆಕ್ಟ್ರಿಷಿಯನ್ ಲೂಮಾ ಬಂದು ನೋಡಿದ. "ಗಾಳಿ ಆಡಿದ್ರೆ ಮಾತ್ರ ಇದು ತಣ್ಣಗಿರುತ್ತೆ ಕಣಯ್ಯಾ. ಹತ್ತಿ ಹೊದಿಸಿದ್ಯೋ, ಕಾದು ಹೊತ್ಕೊಳ್ಳುತ್ತೆ. ಮೊದಲು ವೈರ್ ಬದಲಾಯಿಸು." ಅವನಿಗೆ ಬಿಡುವಿರುವುದು ಮುಂದಿನ ತಿಂಗಳು.

"ಇಷ್ಟು ವರ್ಷ ಸುಡದೇ ಇದ್ದದ್ದು ಈಗ ಸುಡುತ್ತಾ?" — ಆರಿನ್.

"ಅಲ್ಲೀವರೆಗೂ ಅವಳು ಕೆಳಗೆ ಮಲಗ್ಲಿ ಬಿಡು" ಎಂದೆ.

"ಸೋಫಾ ಮೇಲಾ? ನನ್ನ ಮಗಳು?"

ಬಾಗಿಲು ದಢಾರ್.

ಅಕ್ಟೋಬರ್ 27

ಟಿಲ್ಡಾಳನ್ನು ಬಸ್ಸಿನಿಂದ ಇಳಿಸಿಕೊಂಡು ಬರುವಷ್ಟರಲ್ಲಿ ಹಲಗೆಗಳೆಲ್ಲ ಸ್ವಸ್ಥಾನ ಸೇರಿದ್ದವು. ಬಣ್ಣವೂ ಬಳಿದಾಗಿತ್ತು.

"ವೈರು?" ಎಂದೆ.

"ನೋಡ್ಕೊಂಡಿದೀನಿ." ಮುಖ ಕೊಟ್ಟು ಮಾತಾಡಲಿಲ್ಲ. ನಾನೂ ಮಗಳೆದುರು ಕೆದಕಲಿಲ್ಲ...

ನವೆಂಬರ್ 3

ಬರೆಯಬೇಕು.

ಮೊದಲ ಹಿಮ. ಚಳಿಯೆಂದು ಟಿಲ್ಡಾ ಅಟ್ಟದ ಕೋಣೆಯಲ್ಲಿ ಹೀಟರ್ ಹಾಕಿದ್ದಳು. ಕೆಳಗೆ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. "ಅಮ್ಮಾ, ಏನೋ ಸುಟ್ಟ ವಾಸನೆ!" ಮೇಲಿಂದ ಟಿಲ್ಡಾ ಕೂಗಿದಳು.

ಆರಿನ್ ಕುರ್ಚಿ ಉರುಳಿಸಿ ಎದ್ದ. "ಕೂಸನ್ನ ಎತ್ಕೊಂಡು ಇಳಿಯೇ! ಇಳಿ! ಇಂಗಾ, ಮೇನ್ ಆಫ್ ಮಾಡು!"

ಅವಳು ಇಳಿದಳು, ಅವನು ಹತ್ತಿದ. ಹಾರೆಯಿಂದ ಒಂದು ಹಲಗೆ ಕಿತ್ತ, ಆಮೇಲೆ ಬರಿಗೈಯಲ್ಲೇ. ನಾನು ಮೇನ್ ಆಫ್ ಮಾಡಿ ಬಕೆಟ್ ಹಿಡಿದು ಹೋದಾಗ ಹತ್ತಿಯ ಹಿಂದೆ ತೊಲೆ ಕೆಂಡವಾಗಿತ್ತು. ಉರಿಯುವ ತುಂಡುಗಳನ್ನು ಕಿಟಕಿಯಿಂದ ಹಿಮಕ್ಕೆ ಎಸೆಯುತ್ತಿದ್ದ. ಫೈರ್ ಇಂಜಿನ್ ಬರುವವರೆಗೂ ನಿಲ್ಲಿಸಲಿಲ್ಲ. ಮನೆ ಉಳಿಯಿತು. ಅವನ ಅಂಗೈಗಳ ಚರ್ಮ...

ನವೆಂಬರ್ 6

ಆಸ್ಪತ್ರೆಯಿಂದ ಬಂದ. ಎರಡೂ ಕೈಗೆ ದಪ್ಪ ಕಟ್ಟು. ಟಿಲ್ಡಾ ಸೂಪು ಕುಡಿಸುತ್ತಿದ್ದಳು.

"ಗೊತ್ತಿದ್ದೂ ಮುಚ್ಚಿದೆ ಕಣೇ. ನಿನ್ನನ್ನ ಅದರ ಕೆಳಗೇ ಮಲಗಿಸಿದೆ."

"ಬಾಯಿ ತೆಗಿ, ಅಪ್ಪ."

"ಹೊರಟುಹೋಗ್ತೀಯಾ?"

ಅವಳು ಎದ್ದಳು. ಬಟ್ಟಲು ತೊಳೆದಳು. ಒಳಗಿಂದ ಕೂಸನ್ನು ತಂದು ಅವನ ತೊಡೆಯ ಮೇಲೆ ಮಲಗಿಸಿ, ಸ್ನಾನಕ್ಕೆ ಹೋದಳು. ಅವನು ಕಟ್ಟಿನ ಕೈಗಳನ್ನು ಮೇಲೆತ್ತಿಕೊಂಡು, ಮುಟ್ಟಲಾರದೆ, ಉಸಿರು ಬಿಗಿಹಿಡಿದು ಕೂತಿದ್ದಾನೆ. ಕಣ್ಣಲ್ಲಿ ನೀರು, ಒರೆಸಿಕೊಳ್ಳುವಂತಿಲ್ಲ.

"ಇಂಗಾ! ಅದೇನ್ ಬರೀತಾ ಕೂತಿದೀಯೇ, ಬಾರೇ, ಮಗು ಜಾರ್ತಾ —"