ಕೋಟುಗಳ ನಡುವೆ ನೋಡಿದ ಸ್ಕೋರು

ಸೆಡೇಲಿಯಾ
ನವೆಂಬರ್ ೧೭, ಭಾನುವಾರ

ನನ್ನ ಮುದ್ದಿನ ಅಮ್ಮಾ,

ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ನಾವು ಅಲ್ಲಿಗೇ ಬರುತ್ತಿದ್ದೇವೆ, ನಿನ್ನ ಮನೆಗೇ! ಅಪ್ಪನ ವಿನ್‌ಸ್ಲೇಡ್ ಕಾಲೇಜು ನಿನ್ನೆಯ ಫುಟ್‌ಬಾಲ್ ಪಂದ್ಯದಲ್ಲಿ ಸೋತಿತಲ್ಲ, ಪಂಥದ ಪ್ರಕಾರ ಹಬ್ಬ ಇಲ್ಲಿಯೇ ಆಗಬೇಕಲ್ಲ ಎನ್ನುತ್ತೀಯೇನೋ. ತಾಳು, ಹೇಳುತ್ತೇನೆ. ಫೋನ್ ಮಾಡಿದರೆ ನೀನು ಸ್ಪೀಕರಿನಲ್ಲಿಡುತ್ತೀಯ, ಅಪ್ಪನಿಗೆ ಎಲ್ಲ ಕೇಳಿಸುತ್ತದೆ. ಅದಕ್ಕೇ ಈ ಕಾಗದ.

ಗೆದ್ದ ಕಾಲೇಜಿನವರ ಮನೆಯಲ್ಲಿ ಹೊಸ ಜೋಡಿಯ ಮೊದಲ ಹಬ್ಬ ಎಂದು ಮದುವೆಯೂಟದಲ್ಲಿ ಅಪ್ಪನೂ ಮಾವನೂ ಕೈ ಕುಲುಕಿ ಪಂಥ ಕಟ್ಟಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಆದರೆ ಮೊನ್ನೆ ನೀನು ಬರೆದೆಯಲ್ಲ, ಜೊತೆಗೆ ಕೂಗುವವರಿಲ್ಲವೆಂದು ಅಪ್ಪ ಈಗ ಟಿವಿಯ ಸದ್ದು ತೆಗೆದು ಪಂದ್ಯ ನೋಡುತ್ತಾನೆ ಎಂದು? ಅಂದಿನಿಂದ ನಾನು ಕೂತಲ್ಲಿ ಕೂರಲಿಲ್ಲ, ನಿಂತಲ್ಲಿ ನಿಲ್ಲಲಿಲ್ಲ.

ನಿನ್ನೆ ಪಂದ್ಯದ ಹೊತ್ತಿಗೇ ಚರ್ಚಿನಲ್ಲಿ ಊಟ, ಬಡಿಸುವವರು ನಾವು. ಪಂದ್ಯ ಮನೆಯ ಟಿವಿಯಲ್ಲಿ ರೆಕಾರ್ಡ್ ಆಗುತ್ತಿತ್ತು. ಇಂಥ ದಿನ ಮನೆಗೆ ಹೋಗಿ ನೋಡುವ ತನಕ ಸ್ಕೋರು ಯಾರಿಗೂ ಗೊತ್ತಾಗಬಾರದೆಂದು ಇವರಲ್ಲಿ ಕಟ್ಟುನಿಟ್ಟು. ಮಾವ ನಮ್ಮೆಲ್ಲರ ಫೋನ್‌ಗಳನ್ನು ಬ್ರೆಡ್ ಬುಟ್ಟಿಯಲ್ಲಿ ಮುಚ್ಚಿಟ್ಟು, "ಯಾರಾದ್ರೂ ಸ್ಕೋರ್ ಬಾಯಿಬಿಟ್ರೆ ಅವ್ರಿಗೆ ಸೇಬಿನ ಪೈ ಇಲ್ಲ, ನಿಮಗೂ ಅಷ್ಟೇ ಸ್ವಾಮಿ" ಎಂದು ಪಾದ್ರಿಗಳನ್ನೂ ಗದರಿಸಿದರು.

ಪಂದ್ಯ ಮುಗಿದಿರಬೇಕು ಎನ್ನುವ ಹೊತ್ತಿಗೆ ನಾನು ಬ್ರೆಡ್ ತರುವ ನೆಪದಲ್ಲಿ ಫೋನ್ ಎತ್ತಿಕೊಂಡು ಕೋಟುಗಳನ್ನು ನೇತುಹಾಕುವ ಕಪಾಟಿನೊಳಗೆ ನುಗ್ಗಿದೆ. ಎರಡೂ ಕಾಲೇಜುಗಳ ಹೆಸರು ಒತ್ತಿದೆ. ವಿನ್‌ಸ್ಲೇಡ್ ೨೭, ಮಾವನ ಕಾರ್ವೆಲ್ ೧೩! ಯಾರದೋ ಉಣ್ಣೆ ಕೋಟಿಗೆ ಮುತ್ತು ಕೊಟ್ಟುಬಿಟ್ಟೆ ಅಮ್ಮಾ.

ಮನೆಗೆ ಬಂದು ಎಲ್ಲರೂ ಟಿವಿಯ ಮುಂದೆ ಕೂತೆವು. ಇವರ ಕಾರ್ವೆಲ್ ಹುಡುಗರು ಚೆಂಡು ಹೊತ್ತು ಗೆರೆ ದಾಟಿದಾಗಲೆಲ್ಲ, ಪಾಪ, ಈಗಲಾದರೂ ಕುಣಿದುಕೊಳ್ಳಲಿ ಎಂದು ನಾನೂ ಚಪ್ಪಾಳೆ ತಟ್ಟಿದೆ. "ಅಪ್ಪನ ಟೀಮು ಒದೆ ತಿಂತಿದೆ, ಇವಳು ನಗ್ತಿದಾಳೆ! ನಮ್ಮ ಸೊಸೆ ಅಂದ್ರೆ ಹೀಗಿರ್ಬೇಕು" ಎಂದು ಮಾವ ಹಿಗ್ಗಿದರು. ಮೆರಿಟ್ ಒಬ್ಬನೇ ಕುಣಿಯದೆ ನನ್ನ ಕೈ ಹಿಡಿದು ಕೂತಿದ್ದ. ಗಂಡನೆಂದರೆ ಇಂಥವನಿರಬೇಕು!

ಕೊನೆಯ ನಿಮಿಷ ಬಂತು. ವಿನ್‌ಸ್ಲೇಡ್ ಹತ್ತರಲ್ಲೇ ನಿಂತಿತ್ತು. ಗಡಿಯಾರ ಸೊನ್ನೆಗಿಳಿಯಿತು, ಎಲ್ಲರೂ ಎದ್ದು ಕುಣಿದರು. ನಾನು ತಡೆಯಲಾರದೆ, "ಮುಗಿದಿಲ್ಲ, ಕೂತ್ಕೊಳ್ಳಿ! ಇಪ್ಪತ್ತೇಳು ಆಗ್ಬೇಕು!" ಎಂದು ಕೂಗಿಬಿಟ್ಟೆ.

ಎಲ್ಲರೂ ನನ್ನತ್ತ ತಿರುಗಿದರು. "ಫೋನ್ ನೋಡಿದ್ಯೇನೇ?" ಎಂದರು ಅತ್ತೆ. ನಾನು ತೋರಿಸಿದೆ. ಮೆರಿಟ್ ಮೆಲ್ಲಗೆ, "ಇದು ಹೋದ ವರ್ಷದ ಪಂದ್ಯ ಕಣೇ" ಎಂದ. ಅವಸರದಲ್ಲಿ ಇಸವಿಯನ್ನೇ ನೋಡಿರಲಿಲ್ಲ! ನಾನು ಗೊಳೋ ಎಂದು ಅತ್ತುಬಿಟ್ಟೆ. ಅಪ್ಪನ ಸದ್ದಿಲ್ಲದ ಟಿವಿಯ ವಿಷಯವೂ ಅಳುವಿನ ಜೊತೆಗೇ ಹೊರಬಂತು.

ಮಾವ ಗಡ್ಡ ಕೆರೆದುಕೊಂಡರು. ಆಮೇಲೆ, "ಕದ್ದು ನೋಡಿದ್ದಕ್ಕೆ ದಂಡ ಆಗ್ಲೇಬೇಕು. ಹಬ್ಬಕ್ಕೆ ಇಬ್ರೂ ನಿಮ್ಮಪ್ಪನ ಮನೆಗೇ ಹೋಗಿ. ನೀನು ಮಾತ್ರ ನಮ್ಮ ಕಾರ್ವೆಲ್ ಕೆಂಪು ಸ್ವೆಟರ್ ಹಾಕ್ಕೊಂಡು ದಿನವಿಡೀ ಅವನ ಪಕ್ಕ ಕೂತಿರ್ಬೇಕು" ಎಂದರು. "ಟಿವಿ ಸದ್ದು ಜೋರಾಗಿಟ್ಟು" ಎಂದು ಅತ್ತೆ ಸೇರಿಸಿದರು.

ಸ್ವೆಟರ್ ನೋಡಿ ಅಪ್ಪ ಬಾಗಿಲು ಹಾಕದಂತೆ ನೋಡಿಕೋ.

ನಿನ್ನ ದಂಡ ತೆರುವ ಮಗಳು,
ತೆಸ್ಸಾ

ಮರೆತಿದ್ದೆ: ಈಗಷ್ಟೇ ಮೆರಿಟ್ ಕಿವಿಯಲ್ಲಿ ಒಂದು ಗುಟ್ಟು ಹೇಳಿದ. ಚರ್ಚಿನ ಹಿಂದೆ ಯಾರದೋ ಫೋನ್ ಬೇಡಿ ಅವನೂ ಸ್ಕೋರು ನೋಡಿದ್ದನಂತೆ, ಈ ವರ್ಷದ್ದನ್ನೇ. ಕಾರ್ವೆಲ್ ಗೆದ್ದದ್ದು ಗೊತ್ತಿದ್ದೂ, ಕೊನೆಗೆ ನಾನು ಅಳುತ್ತೇನೆಂದು ಅಷ್ಟು ಹೊತ್ತೂ ಕೈ ಹಿಡಿದು ಕಾದಿದ್ದ! ಮಾವನಿಗೆ ಮಾತ್ರ ಗೊತ್ತಾಗಬಾರದು. ಅಪ್ಪನನ್ನು ಹರ್ಮನ್ ಸ್ಟೇಷನ್ನಿಗೆ ಕಳಿಸು: ಬುಧವಾರ ಇಪ್ಪತ್ತೇಳು, ಕನ್ಸಾಸ್ ಸಿಟಿಯಿಂದ ಬರುವ ಬೆಳಗಿನ ರೈಲು.