ರಾಹುಕಾಲದ ಕಚೇರಿ

ಎನ್.ಆರ್. ಕಾಲೋನಿ
೨೬ ಏಪ್ರಿಲ್ ೨೦೦೨, ಶುಕ್ರವಾರ
ಬೆಳಿಗ್ಗೆ ಹತ್ತೂವರೆ

ಸೌಭಾಗ್ಯವತಿ ಗೋದಾಳಿಗೆ (ಆ ಸೌಭಾಗ್ಯ ಎಂದರೆ ನಾನೇ ಎಂಬುದು ಮಲ್ಲೇಶ್ವರದ ಗಾಳಿಗೆ ಮರೆತುಹೋಗಿರಬಾರದೆಂದು ನೆನಪಿಸುತ್ತಾ),

ಸ್ವಸ್ಥಚಿತ್ತದಿಂದ, ಯಾರ ಒತ್ತಾಯಕ್ಕೂ ಒಳಗಾಗದೆ, ಎದುರಿಗೆ ಆರುತ್ತಿರುವ ಕಾಫಿಯೇ ಸಾಕ್ಷಿಯಾಗಿ ಒಂದು ಅಪರಾಧವನ್ನು ಒಪ್ಪಿಕೊಳ್ಳುತ್ತಿದ್ದೇನೆ. ನಿನ್ನ ಅಣ್ಣ ಬದರೀನಾರಾಯಣನ ಅಡುಗೆಮನೆಯ ಬಾಗಿಲ ಹಿಂದಿರುವ ಕ್ಯಾಲೆಂಡರಿನಿಂದ ರಾಹುಕಾಲದ ಪಟ್ಟಿಯನ್ನು ಕತ್ತರಿಸಿ ಜೇಬಿಗಿಳಿಸಿದವನು ನಾನೇ. ಯುಗಾದಿಯ ದಿನ, ನೀವೆಲ್ಲ ಎಲೆ ಹಾಕುತ್ತಿದ್ದಾಗ, ಹಾಲಿನ ಪ್ಯಾಕೆಟ್ಟಿನ ಕತ್ತರಿಯಿಂದ. ಅವನು ಕೆಲಸದ ಸಿದ್ದಮ್ಮನನ್ನು ಬೈಯುವುದನ್ನು ನಿಲ್ಲಿಸಲಿ. ಪಾಪ, ಅವಳು ನಿಮ್ಮ ಮನೆಯ ಪಾತ್ರೆಗಳ ತಂಟೆಗೆ ಹೋಗುವವಳೇ ಹೊರತು ಗ್ರಹಗಳ ತಂಟೆಗಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಆ ಮನೆಯಲ್ಲಿ ಫೋನ್ ಎತ್ತುವವನೂ ಅವನೇ, ನೀನು ಮಾತಾಡುವಾಗ ಪಕ್ಕದಲ್ಲಿ ನಿಂತು ಪೇಪರ್ ಓದುವವನೂ ಅವನೇ.

ಬ್ಯಾಂಕಿನಿಂದ ಸ್ವಯಂ ನಿವೃತ್ತಿ ಪಡೆದು, ಮುಂದಿನ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟು ಲಗ್ನಪತ್ರಿಕೆ ಜೋಡಿಸುವ ಸ್ವಯಂ ಉದ್ಯೋಗಿಯಾದ ನಾನು, ನೀನು ಹೋದಂದಿನಿಂದ ಸ್ವಯಂಪಾಕಿಯೂ ಆಗಿದ್ದೇನೆ. ಮೂರರಲ್ಲಿ ಒಂದೂ ಸರಿಯಾಗಿ ಬೇಯಲಿಲ್ಲ ಎಂದು ನೀನು ಅನ್ನುತ್ತೀಯ. ಅನ್ನು. ನಿನಗೆ ಆ ಹಕ್ಕಿದೆ. ನೀನು ಪಾಠ ಮಾಡುವ ಸ್ಕೂಲಿನಲ್ಲಿ ಬೇಸಿಗೆ ರಜೆಗೆ ಮುಂಚಿನ ಕೊನೆಯ ದಿನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆಂದು ಹೇಳಿ, ಗೇಟಿನ ಮುಂದೆ ಬಿಸಿಲಲ್ಲಿ ನಿಲ್ಲಿಸಿ ಬರದೇಹೋದವನು ನಾನು. ನೀನು ಸೀದಾ ಮಲ್ಲೇಶ್ವರದ ಬಸ್ಸು ಹತ್ತಿದೆ. ಆಮೇಲೆ ಫೋನಿನಲ್ಲಿ ನೀನು ಹೇಳಿದ್ದು ಒಂದೇ ಮಾತು: “ಊರೋರಿಗೆಲ್ಲ ನಿಮ್ಮ ಹತ್ರ ಟೈಮಿದೆ. ನಾನು ಊರೋಳಲ್ಲವಲ್ಲ.”

ನಾನೇನು ಮಾಡಲಿ? ಬ್ಯಾಂಕಿನಲ್ಲಿ ನನಗೂ ಲೋಕಕ್ಕೂ ನಡುವೆ ಒಂದು ಕೌಂಟರ್ ಇತ್ತು. ಮನೆಯಲ್ಲಿರುವುದು ಬಾಗಿಲು ಮಾತ್ರ, ಅದೂ ಎಲ್ಲರಿಗೂ ತೆರೆದುಕೊಳ್ಳುವಂಥದ್ದು. ಅಂದು ಮಧ್ಯಾಹ್ನ ಎದುರುಮನೆಯ ಶ್ರೀನಿವಾಸಯ್ಯನವರು ಬಂದಿದ್ದರು. ಅವರು “ಏನಪ್ಪಾ ರಾಮಾನುಜ, ಫ್ರೀನಾ?” ಎಂದು ಕೇಳುವುದು ಕುಳಿತ ಮೇಲೆ. ಪಾರ್ಕಿನ ನಲ್ಲಿ ಸೋರುವ ಬಗ್ಗೆ ಪತ್ರಿಕೆಗೆ ಬರೆಯುವ ದೂರನ್ನು ನನ್ನ ಕೈಲಿ ಟೈಪ್ ಮಾಡಿಸುತ್ತಾರೆ. ಆ ನಲ್ಲಿಯಲ್ಲಿ ನೀರು ಸೋರಿದ್ದಕ್ಕಿಂತ ಹೆಚ್ಚು ನನ್ನ ಹೊತ್ತು ಸೋರಿದೆ. ನೀನು ಬಣ್ಣದ ಪೆನ್ಸಿಲಿನಲ್ಲಿ ಪೀರಿಯಡ್ ಹಾಕಿ ಬರೆದುಕೊಟ್ಟ ಟೈಂಟೇಬಲ್ಲನ್ನು ಅವರಿಗೇ ತೋರಿಸಿದೆ. “ಬೊಂಬಾಟಾಗಿದೆ ಕಣಪ್ಪಾ, ನನಗೂ ಒಂದು ಹೊಡೆದುಕೊಡು” ಅಂದರು.

ಇನ್ನು ನಿನ್ನಣ್ಣ. “ಅವನು ಮನೇಲೇ ಇರ್ತಾನಲ್ಲ” ಎಂಬ ಮಂತ್ರವನ್ನು ಲೋಕಕ್ಕೆ ಕೊಟ್ಟವನೇ ಅವನು. ಅವನ ಗ್ಯಾಸ್ ಬುಕ್ ಮಾಡಿದವನು ನಾನು, ಅವನ ಬೀಗರನ್ನು ಸ್ಟೇಷನ್ನಿನಿಂದ ಕರೆತಂದವನು ನಾನು. ಅದಕ್ಕೆ ಯುಗಾದಿಯ ದಿನ ಪಂಕ್ತಿಯಲ್ಲಿ ಸಿಕ್ಕ ಸಂಭಾವನೆ ನಿನಗೂ ನೆನಪಿರಬೇಕು. ಆರಾಧನಾಳ ಲಗ್ನಪತ್ರಿಕೆ ನಾನೇ ಮಾಡಿಕೊಡುತ್ತೇನೆ ಅಂದದ್ದಕ್ಕೆ ಒಬ್ಬಟ್ಟು ಮುರಿಯುತ್ತಾ ಏನಂದ? “ಮಗಳ ಪತ್ರಿಕೆ ರಾಮಾನುಜನ ಕೈಗೆ ಕೊಟ್ಟರೆ ಮೊಮ್ಮಗುವಿನ ನಾಮಕರಣಕ್ಕೆ ಬರತ್ತೆ!” ಇಡೀ ಪಂಕ್ತಿ ನಕ್ಕಿತು. ತುಪ್ಪ ಬಡಿಸುತ್ತಿದ್ದ ನೀನೂ ನಕ್ಕೆ. ನನ್ನ ಎಲೆಗೆ ತುಪ್ಪ ಬೀಳಲೇ ಇಲ್ಲ.

ಆದರೆ ಕೈತೊಳೆಯುವಾಗ ಹಿತ್ತಲಲ್ಲಿ ನೀನೇ ಬಂದು ಹೇಳಿದೆಯಲ್ಲ: “ಒಂದೇ ಒಂದು ಕೆಲಸ, ಹೇಳಿದ ಹೊತ್ತಿಗೆ ಮುಗಿಸಿ ತೋರಿಸಿ. ಈ ಪತ್ರಿಕೆ ಇಪ್ಪತ್ತೊಂಬತ್ತರ ಸೋಮವಾರ ಇಲ್ಲಿಗೆ ತಂದುಕೊಡಿ, ನಿಮ್ಮ ಜೊತೆಗೇ ಮನೆಗೆ ಬರ್ತೀನಿ. ಇಲ್ಲಾಂದ್ರೆ ಸ್ಕೂಲಿಗೂ ಇಲ್ಲಿಂದಲೇ ಹೋಗ್ತೀನಿ.” ಆ ಮಾತಿನ ಮೇಲೆ ಎರಡು ವಾರದಿಂದ ಉಸಿರಾಡುತ್ತಿದ್ದೇನೆ.

ಆ ಪಟ್ಟಿಯನ್ನು ಕದ್ದದ್ದು ಬರೀ ಹೊಟ್ಟೆಯುರಿಗೆ. ಅದಿಲ್ಲದೆ ಅವನು ಹೊಸಿಲು ದಾಟಲಾರ, ಕ್ಷೌರಕ್ಕೂ ಹೊತ್ತು ನೋಡುವ ಆಸಾಮಿ. ಗೆದ್ದು ತಂದ ಬಾವುಟದಂತೆ ಅದನ್ನು ಕಂಪ್ಯೂಟರಿನ ಮೇಲೆ ಅಂಟಿಸಿದೆ. ಮರುದಿನ ಗೋಚರವಾಯಿತು, ಗೋದಾ! ಆ ಒಂದೂವರೆ ಗಂಟೆ ಯಾರೂ ಬರಲಿಲ್ಲ. ಲಗ್ನಪತ್ರಿಕೆ ಮಾಡಿಸುವವರು ಆ ಹೊತ್ತಿನಲ್ಲಿ ಫೋನನ್ನೂ ಮುಟ್ಟುವುದಿಲ್ಲ. ಗೇಟಿನವರೆಗೆ ಬಂದ ಶ್ರೀನಿವಾಸಯ್ಯನವರು ಗಡಿಯಾರ ನೋಡಿಕೊಂಡು, “ಹೊಸ ದೂರು ರಾಹುಕಾಲದಲ್ಲಿ ಶುರು ಮಾಡಬಾರದಪ್ಪ” ಎಂದು ಹಿಂದಿರುಗಿದರು. ಬ್ಯಾಂಕು ಬಿಟ್ಟ ಮೇಲೆ ನನಗೊಂದು ಕೌಂಟರ್ ಸಿಕ್ಕಿತು, ಅದರ ಹಿಂದೆ ಸ್ವತಃ ರಾಹುವೇ ಕಾವಲು. ಅಂದಿನಿಂದ ನನ್ನ ಕಚೇರಿ ತೆರೆಯುವುದು ಸೋಮವಾರ ಬೆಳಿಗ್ಗೆ ಏಳೂವರೆಗೆ, ಮಂಗಳವಾರ ಮಧ್ಯಾಹ್ನ ಮೂರಕ್ಕೆ, ಭಾನುವಾರ ನಾಲ್ಕೂವರೆಯಿಂದ ಆರರವರೆಗೆ. ಜನ ಅದನ್ನು ರಾಹುಕಾಲ ಅನ್ನುತ್ತಾರೆ. ನಾನು ರಾಮಾನುಜಕಾಲ ಅನ್ನುತ್ತೇನೆ.

ಈಗ ಹತ್ತಿರ ಬಾ, ಸೇಡಿನ ಭಾಗ ಬಂತು. ನಿನ್ನಣ್ಣನ ಏಕಮಾತ್ರ ಪುತ್ರಿಯ ಲಗ್ನಪತ್ರಿಕೆ, ತಲೆಯ ಮೇಲಿನ ‘ಶ್ರೀ’ಯಿಂದ ಹಿಡಿದು ಕೊನೆಯ ‘ಆಗಮನಾಭಿಲಾಷಿ’ಯವರೆಗೆ, ಪೂರಾ ರಾಹುಕಾಲದಲ್ಲೇ ಜೋಡಣೆಯಾಯಿತು. ಸುಮುಹೂರ್ತದ ಸಾಲನ್ನು ಗುರುವಾರದ ರಾಹುಕಾಲದಲ್ಲಿ ಹೊಡೆದೆ. ಅವನ ಹೆಸರನ್ನು ಶನಿವಾರಕ್ಕೆಂದೇ ಕಾದಿಟ್ಟು ಒಂದೊಂದು ಅಕ್ಷರವನ್ನೂ ಚಪ್ಪರಿಸುತ್ತಾ ಕುಟ್ಟಿದೆ. ಮದುವೆಯ ದಿನ ತಾಳಿ ಕಟ್ಟಿಯಾದ ಮೇಲೆ, ಛತ್ರದ ಬಾಗಿಲಲ್ಲಿ ಹಲ್ಲುಬಿಟ್ಟುಕೊಂಡು ತಾಂಬೂಲ ಕೊಡುತ್ತಿರುತ್ತಾನಲ್ಲ, ಆಗ ಕಿವಿಯ ಹತ್ತಿರ ಬಗ್ಗಿ ಹೇಳುತ್ತೇನೆ: “ಭಾವ, ಪತ್ರಿಕೆ ಹೊತ್ತಿಗೆ ಸರಿಯಾಗಿ ಬಂತು. ಯಾವ ಹೊತ್ತಿಗೆ ಅಂತ ಕೇಳಲಿಲ್ಲ ನೀವು.” ಆ ಮುಖವನ್ನು ನೋಡಲು ನಾನು ಈಗಲೇ ಮುಂದಿನ ಸಾಲಿನ ಕುರ್ಚಿ ಹಿಡಿದಿದ್ದೇನೆ. ಮೂಢನಂಬಿಕೆಯ ಮನುಷ್ಯನಿಗೆ ಅವನ ನಂಬಿಕೆಯಿಂದಲೇ ಬಡಿಯಬೇಕು. ನನ್ನಂಥ ವಿಚಾರವಂತನಿಗೆ ಅದರಿಂದ ಏನೂ ತಟ್ಟುವುದಿಲ್ಲ.

ಅಲ್ಲಿಯವರೆಗೆ ಬಾಯಿ ಬಿಡಬೇಡ. ನನ್ನ ಪಕ್ಕದ ಮೇಜಿನ ಮೇಲೆ ಕಟ್ಟುಗಳು ದಾರ ಬಿಗಿದುಕೊಂಡು ಸಾಲಾಗಿ ಕೂತಿವೆ, ನೋಡಿದರೆ ಕಣ್ಣು ತಂಪಾಗುತ್ತದೆ. ಸೋಮವಾರ ನಿನ್ನ ಪೆಟ್ಟಿಗೆ ಸಿದ್ಧವಿರಲಿ. ಕಣ್ಣಿನ ಡಾಕ್ಟರಿಗೂ ಹೇಳಿಟ್ಟಿದ್ದೇನೆ.

ಹನ್ನೆರಡಾಯಿತು. ಕಚೇರಿ ಮುಚ್ಚುವ ಹೊತ್ತು. ಬಾಗಿಲು ಬಡಿಯುತ್ತಿದೆ.

ಇಂತು, ಕಾಲವನ್ನು ಗೆದ್ದ ನಿನ್ನ
ರಾಮಾನುಜ

ತಾ.ಕ.: ಶ್ರೀನಿವಾಸಯ್ಯನವರು ಈಗಷ್ಟೇ ಎದ್ದುಹೋದರು. ನಲ್ಲಿ ಇನ್ನೂ ಸೋರುತ್ತಿದೆಯಂತೆ. ಈ ಕಾಗದವನ್ನು ಅಂಟಿಸುವ ಮೊದಲು ಒಂದು ಮಾತು ಬರೆಯಲೇಬೇಕು. ಕಟ್ಟುಗಳಲ್ಲಿರುವುದು ಬರೀ ಕವರು.

ಮೊನ್ನೆ ಎಲ್ಲ ಮುಗಿದಿತ್ತು, ಸುಳ್ಳಲ್ಲ. ಚಾಮರಾಜಪೇಟೆಯ ಪ್ರೆಸ್ಸಿಗೆ ಹೊರಡಲು ಚಪ್ಪಲಿಯನ್ನೂ ಮೆಟ್ಟಿದ್ದೆ. ಅಷ್ಟರಲ್ಲಿ ಆರಾಧನಾ ಫೋನ್ ಮಾಡಿದಳು. “ಮಾವ, ನನ್ನ ಹೆಸರು ಒಂಚೂರು ದಪ್ಪ ಅಕ್ಷರದಲ್ಲಿ ಹಾಕ್ತೀರಾ? ಮೊದಲನೇ ಕಾರ್ಡು ನಾನೇ ಇಟ್ಕೋತೀನಿ” ಅಂದಳು. ಹಾಕೋಣ ಎಂದು ಕೂತರೆ ಆ ಮಗುವಿನ ಹೆಸರಿನ ಪಕ್ಕದಲ್ಲೇ ಕಂಪ್ಯೂಟರಿನ ಮೇಲೆ ಅಂಟಿಸಿದ್ದ ಪಟ್ಟಿ ಕಂಡಿತು. ಅವಳ ಮೇಲೆ ರಾಹುವಿನ ನೆರಳು ಬೇಡ ಅನ್ನಿಸಿತು ಕಣೇ. ಪೂರ್ತಿ ಅಳಿಸಿಬಿಟ್ಟೆ. ಹೊಸದಾಗಿ ಒಳ್ಳೆಯ ಹೊತ್ತು ನೋಡಿ ಶುರು ಮಾಡಿದ್ದೇನೆ, ಆದರೆ ಒಳ್ಳೆಯ ಹೊತ್ತಿನಲ್ಲಿ ಇಡೀ ಕಾಲೋನಿ ನನ್ನ ಮುಂದಿನ ಕೋಣೆಯಲ್ಲಿರುತ್ತದೆ. ಎರಡು ದಿನಕ್ಕೆ ‘ಶ್ರೀ’ಯಿಂದ ಅವಳ ಹೆಸರಿನವರೆಗೆ ಬಂದಿದ್ದೇನೆ. ದಪ್ಪ ಅಕ್ಷರದಲ್ಲೇ ಹಾಕಿದ್ದೇನೆ.

ಸೋಮವಾರಕ್ಕೆ ಆಗುವುದಿಲ್ಲ. ಬಾಗಿಲಲ್ಲಿ ನಿಂತು “ಅವರು ಕೆಲಸದಲ್ಲಿದ್ದಾರೆ” ಅನ್ನಲು ಒಬ್ಬರು ಇದ್ದರೆ ಬುಧವಾರಕ್ಕೆ ಆಗುತ್ತದೆ. ನಿನ್ನಣ್ಣನಿಗೆ ಏನಾದರೂ ನೆಪ ಹೇಳಿ ನಾಡಿದ್ದು ಭಾನುವಾರವೇ ಬಂದುಬಿಡು, ಗೋದಾ. ನಾಲ್ಕೂವರೆಯೊಳಗೆ ಮನೆ ಸೇರು. ತಪ್ಪಿದರೆ ಬಸ್ ಸ್ಟಾಪಿನಲ್ಲೇ ಕೂತಿದ್ದು ಆರು ಹೊಡೆದ ಮೇಲೆ ಬಾ.